ಹಾಸಿಗೆಗಳ ಲೆಕ್ಕ ಹಾಕಿದ ಊರು

ಊರಿಗೊಂದು ದೊಡ್ಡ ಆಸ್ಪತ್ರೆ ಬರುತ್ತದೆಂದರೆ ಯಾರಿಗೆ ತಾನೇ ಸಂತೋಷವಾಗದು? ಹಾಸಿಗೆ ಹೆಚ್ಚಿದಷ್ಟೂ ಆರೋಗ್ಯ ಹೆಚ್ಚುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ. ಅಮೆರಿಕದ ರಾಚೆಸ್ಟರ್ ನಗರ ಮಾತ್ರ 1960ರ ದಶಕದಲ್ಲೇ 'ಇಷ್ಟು ಹಾಸಿಗೆ ನಿಜಕ್ಕೂ ಬೇಕೇ?' ಎಂದು ಕೇಳಿತು.

ನ್ಯೂಯಾರ್ಕ್ ರಾಜ್ಯದ ಈ ಊರು ಕೊಡಕ್ ಕ್ಯಾಮೆರಾದ ತವರು. ಆ ಕಂಪೆನಿಯ ಹಿರಿಯ ಅಧಿಕಾರಿ ಮೇರಿಯನ್ ಫೋಲ್ಸಮ್ 1955ರಿಂದ 1958ರವರೆಗೆ ಅಧ್ಯಕ್ಷ ಐಸೆನ್‌ಹೋವರ್ ಸಂಪುಟದಲ್ಲಿ ಆರೋಗ್ಯ, ಶಿಕ್ಷಣ ಖಾತೆಗಳನ್ನು ನೋಡಿಕೊಂಡವರು. ಊರಿನ ಆಸ್ಪತ್ರೆಗಳು ವಿಸ್ತರಣೆಗೆ ಹಣ ಕೇಳಿದಾಗ ಅವರು ಎಲ್ಲರನ್ನೂ ಒಂದೆಡೆ ಕೂರಿಸಿ ಲೆಕ್ಕ ಹಾಕಿಸಿದರು. ಹಾಸಿಗೆ ಖಾಲಿಯಿದ್ದರೂ ಸಂಬಳ, ಬಡ್ಡಿ, ದುರಸ್ತಿಯ ಖರ್ಚು ನಿಲ್ಲುವುದಿಲ್ಲ. ಆ ಭಾರ ಕೊನೆಗೆ ಬೀಳುವುದು ವಿಮೆಯ ಕಂತು ಕಟ್ಟುವವರ ಮೇಲೆ. ವಿಮೆಯಿರುವ ಕಡೆ ಹಾಸಿಗೆ ಹಾಕಿದರೆ ಅದಕ್ಕೆ ರೋಗಿಯೂ ಸಿಕ್ಕೇ ಸಿಗುತ್ತಾನೆ ಎಂಬುದನ್ನು ಮಿಲ್ಟನ್ ರೋಮರ್ ಎಂಬ ವಿದ್ವಾಂಸರು ಅದೇ ಸುಮಾರಿಗೆ ತೋರಿಸಿಕೊಟ್ಟಿದ್ದರು. ಕಡೆಗೆ, ಕೇಳಿದ್ದಕ್ಕಿಂತ ಕಡಿಮೆ ಹಾಸಿಗೆಗಳಿಗೆ ಊರು ಒಪ್ಪಿತು.

ಹೊಸ ಆಸ್ಪತ್ರೆ ಕಟ್ಟುವ ಮುನ್ನ ಅದರ ಅಗತ್ಯವನ್ನು ಸಾಬೀತುಪಡಿಸಬೇಕೆಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ನ್ಯೂಯಾರ್ಕ್ ರಾಜ್ಯವೇ, 1964ರಲ್ಲಿ. ಹತ್ತು ವರ್ಷಗಳ ನಂತರ ಸಂಸತ್ತು ಇಡೀ ದೇಶಕ್ಕೆ ಆರೋಗ್ಯ ಯೋಜನಾ ಕಾಯಿದೆಯನ್ನು ಅಂಗೀಕರಿಸಿತು. ಅದರಡಿ 200ಕ್ಕೂ ಹೆಚ್ಚು ಪ್ರಾದೇಶಿಕ ಸಂಸ್ಥೆಗಳು ಹುಟ್ಟಿದವು. ಇವುಗಳ ಆಡಳಿತ ಮಂಡಳಿಯಲ್ಲಿ ವೈದ್ಯರಿಗಿಂತ ಜನಸಾಮಾನ್ಯರೇ ಹೆಚ್ಚಿರಬೇಕೆಂಬುದು ನಿಯಮ. ರಾಚೆಸ್ಟರ್ ಸುತ್ತಣ ಒಂಬತ್ತು ಕೌಂಟಿಗಳಿಗೆ, ಅಂದರೆ ನಮ್ಮ ಜಿಲ್ಲೆಗಳಂಥ ವಿಭಾಗಗಳಿಗೆ, 'ಫಿಂಗರ್ ಲೇಕ್ಸ್' ಸಂಸ್ಥೆ ಬಂತು.

1986ರಲ್ಲಿ ಕೇಂದ್ರ ಸರ್ಕಾರ ಆ ಕಾಯಿದೆಯನ್ನೇ ರದ್ದುಪಡಿಸಿತು. ಅನುದಾನ ನಿಂತಿತು, ಬಹುತೇಕ ಸಂಸ್ಥೆಗಳು ಬಾಗಿಲು ಹಾಕಿದವು. ಫಿಂಗರ್ ಲೇಕ್ಸ್ ಮಾತ್ರ ಉಳಿಯಿತು. ಕಾರಣ ಸರಳ: ಕಾನೂನು ಬರುವ ಮೊದಲೇ ಅಲ್ಲಿ ಒಟ್ಟಿಗೆ ಕೂತು ಮಾತಾಡುವ ರೂಢಿಯಿತ್ತು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆರೋಗ್ಯ ಸುಧಾರಣೆಯ ಚರ್ಚೆ ಕಾವೇರಿದಾಗ ಹಲವರು ಬೆರಳು ತೋರಿದ್ದು ರಾಚೆಸ್ಟರ್ ಕಡೆಗೇ.

ಮುಂದೆ ಸಂಸ್ಥೆಯ ಗಮನ ಹಾಸಿಗೆಯಿಂದ ಬೀದಿಗೆ ಹೊರಳಿತು. 2010ರ ದಶಕದಲ್ಲಿ ಕ್ಷೌರದ ಅಂಗಡಿ, ಚರ್ಚುಗಳಲ್ಲೇ ರಕ್ತದೊತ್ತಡ ಪರೀಕ್ಷಿಸುವ ಕೆಲಸಕ್ಕೆ ಅದು ಕೈಹಾಕಿತು. 2017ರಲ್ಲಿ 'ಕಾಮನ್ ಗ್ರೌಂಡ್ ಹೆಲ್ತ್' ಎಂದು ಹೆಸರು ಬದಲಿಸಿಕೊಂಡಿತು.

ಹಾಗೆಂದು ಹಾಸಿಗೆ ಕಡಿಮೆ ಮಾಡುವುದೇ ಜಾಣತನವಲ್ಲ. ಲೆಕ್ಕ ತಪ್ಪಿದರೆ ರೋಗಿ ಬಾಗಿಲಲ್ಲೇ ಕಾಯಬೇಕಾದೀತು. ಆದ್ದರಿಂದಲೇ ಆ ಲೆಕ್ಕ ಹಾಕುವವರ ನಡುವೆ ಬಿಲ್ಲು ಕಟ್ಟುವವರೂ, ಸರದಿಯಲ್ಲಿ ನಿಲ್ಲುವವರೂ ಇರಬೇಕು.

ಪಿಯುಸಿ ಮುಗಿಸಿ ಡಾಕ್ಟರಾಗಬೇಕೆನ್ನುವ ಮಕ್ಕಳೂ, ಅವರನ್ನು ಓದಿಸುವ ಹೆತ್ತವರೂ ಇದನ್ನೊಮ್ಮೆ ಗಮನಿಸಬೇಕು. ಊರಿನ ಆರೋಗ್ಯ ಕಾಯಲು ಸ್ಟೆತೊಸ್ಕೋಪ್ ಹಿಡಿದವರಷ್ಟೇ ಸಾಲದು. ಅಂಕಿಅಂಶ ಬಲ್ಲವರು, ಸಮಾಜಶಾಸ್ತ್ರ ಓದಿದವರು, ನೆರೆಹೊರೆಯವರ ಮಾತು ತಾಳ್ಮೆಯಿಂದ ಕೇಳುವವರೂ ಬೇಕು.