ಹುಳು ಸತ್ತರೆ ಇಲ್ಲದ ಅಳುಕು, ಬಾಂದಿನ ಕಲ್ಲು ಸರಿದರೆ ಯಾಕೆ?

ಕಾಗವಾಡ ಕಡೆಯ ಜೈನ ರೈತನೊಬ್ಬನನ್ನು ಊಹಿಸಿಕೊಳ್ಳಿ. ಬೆಳಗ್ಗೆ ಕಬ್ಬಿಗೆ ಎಣ್ಣೆ ಹೊಡೆದಿದ್ದಾನೆ. ಸತ್ತ ಹುಳುಗಳಿಗೆ ಲೆಕ್ಕವಿಲ್ಲ. ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಾನೆ, ಕತ್ತಲಲ್ಲಿ ಉಂಡರೆ ಕಾಣದ ಜೀವವೊಂದು ಬಾಯಿಗೆ ಬಿದ್ದೀತೆಂದು. ನಿದ್ದೆಯೂ ಚೆನ್ನಾಗಿ ಬರುತ್ತದೆ. ಅದೇ ರೈತ ಟ್ರ್ಯಾಕ್ಟರ್ ಹೊಡೆಯುವ ನೆಪದಲ್ಲಿ ಅಣ್ಣನ ಹೊಲದ ಬಾಂದಿನ ಕಲ್ಲನ್ನು ಒಂದು ಮೊಳ ಆಚೆ ಸರಿಸಿದ್ದರೆ, ಅದು ಮಾತ್ರ ವರ್ಷಗಟ್ಟಲೆ ಒಳಗೊಳಗೇ ಚುಚ್ಚುತ್ತದೆ. ಸಾವಿರ ಜೀವಕ್ಕಿಂತ ಒಂದು ಮೊಳ ಮಣ್ಣು ಭಾರವಾಗುವುದು ಹೇಗೆ?

ಸೋಗು ಎಂದು ತಳ್ಳಿಹಾಕುವುದು ಸುಲಭ. ಆದರೆ ಜೈನ ಶ್ರಾವಕಾಚಾರದಲ್ಲಿ ಇದಕ್ಕೊಂದು ಲೆಕ್ಕಾಚಾರವಿದೆ. ಹಿಂಸೆ ಅಲ್ಲಿ ನಾಲ್ಕು ಬಗೆ: ಬೇಕೆಂದೇ ಮಾಡುವ ಸಂಕಲ್ಪೀ, ಒಲೆ-ಕಸಬರಿಗೆಯ ಮನೆಗೆಲಸದಲ್ಲಿ ಆಗುವ ಆರಂಭೀ, ಹೊಟ್ಟೆಪಾಡಿನ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ. ಮುನಿಗಳು ನಾಲ್ಕನ್ನೂ ಬಿಡಬೇಕು. ಸಂಸಾರಸ್ಥರು ಮೊದಲನೆಯದನ್ನು ಪೂರ್ತಿ ಬಿಟ್ಟು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಎಣ್ಣೆ ಹೊಡೆದದ್ದು ಹೊಟ್ಟೆಪಾಡು ಎಂದು ರೈತ ಸಮಾಧಾನ ಹೇಳಿಕೊಳ್ಳಬಹುದು. ಬಾಂದು ಸರಿಸಿದ್ದಕ್ಕೆ ಅಂಥ ಆಸರೆಯಿಲ್ಲ. ನಿಪ್ಪಾಣಿ ತಾಲ್ಲೂಕಿನ ಭೋಜದ ರೈತ ಮನೆತನದಿಂದ ಬಂದ ಆಚಾರ್ಯ ಶಾಂತಿಸಾಗರರು (1872–1955) ಸಂಸಾರದಲ್ಲಿದ್ದಾಗಲೇ ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ, ಅವಕ್ಕೆ ಕುಡಿಯಲು ನೀರಿಡುತ್ತಿದ್ದರೆಂದು ಈ ಭಾಗದಲ್ಲಿ ಹೇಳುತ್ತಾರೆ. ಎಲ್ಲರೂ ಹಾಗೇ ಮಾಡಿದರೆ ರಾಶಿ ಮನೆಗೆ ಬಂದೀತೇ ಎಂದು ಕೇಳುವವರೂ ಅಲ್ಲೇ ಇದ್ದಾರೆ.

ಸತ್ತ ಜೀವಕ್ಕಿಂತ ಮಾಡಿದವನ ಮನಸ್ಸನ್ನು ತೂಗುವ ಈ ವಿಚಾರದ ಬೇರು ಕುಂದಕುಂದಾಚಾರ್ಯರ ‘ಪ್ರವಚನಸಾರ’ದಲ್ಲಿದೆ. ಆ ಪ್ರಾಕೃತ ಗ್ರಂಥವನ್ನು 1935ರಲ್ಲಿ ವಿದ್ವತ್ಪೂರ್ಣವಾಗಿ ಸಂಪಾದಿಸಿ ಕೊಟ್ಟವರು ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆ. ಜೀವ ಸಾಯಲಿ, ಉಳಿಯಲಿ, ಎಚ್ಚರ ತಪ್ಪಿ ನಡೆದವನಿಗೆ ಹಿಂಸೆಯ ದೋಷ ತಪ್ಪದು. ಎಚ್ಚರದಿಂದ ನಡೆದವನಿಗೆ ಜೀವ ಹೋದ ಮಾತ್ರಕ್ಕೆ ಪಾಪ ಅಂಟದು ಎಂಬುದು ಅದರಲ್ಲಿ ಬರುವ ಒಂದು ಗಾಥೆಯ ತಾತ್ಪರ್ಯ.

ಉಪಾಧ್ಯೆಯವರ ಪುಸ್ತಕ ಬರುವುದಕ್ಕೆ ಮೂರು ವರ್ಷ ಮೊದಲು, 1932ರಲ್ಲಿ, ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ನೀತಿಪ್ರಜ್ಞೆಯ ಬಗ್ಗೆ ಬರೆದ. ಮಕ್ಕಳಿಗೆ ಅವನು ಎರಡು ಕಥೆ ಹೇಳುತ್ತಿದ್ದ. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳುತ್ತಾನೆ; ಬಾಗಿಲ ಹಿಂದಿದ್ದ ಹದಿನೈದು ಕಪ್ಪು ಒಡೆಯುತ್ತವೆ. ಇನ್ನೊಬ್ಬ ಅವ್ವ ಇಲ್ಲದಾಗ ಜಾಮ್ ಕದಿಯಲು ಹತ್ತಿ ಒಂದೇ ಕಪ್ಪು ಒಡೆಯುತ್ತಾನೆ. ಯಾರದು ಹೆಚ್ಚು ತಪ್ಪು? ಚಿಕ್ಕ ಮಕ್ಕಳು ಹದಿನೈದು ಒಡೆದವನ ಕಡೆ ಬೆರಳು ತೋರಿಸಿದವು. ಸ್ವಲ್ಪ ದೊಡ್ಡವರಾದ ಮೇಲೆ ಜಾಮ್ ಕಳ್ಳನೇ ತಪ್ಪಿತಸ್ಥ. ಉದ್ದೇಶ ನೋಡುವ ಕಣ್ಣು ವಯಸ್ಸಿನೊಂದಿಗೆ ಬಲಿಯುತ್ತದೆ.

ಆ ಕಣ್ಣಿಗೆ ಮೆದುಳಿನಲ್ಲೂ ಒಂದು ನೆಲೆಯಿದೆ. ಬಲಗಿವಿಯ ಮೇಲ್ಭಾಗಕ್ಕೆ ತುಸು ಹಿಂದಿರುವ ಜಾಗ ಇನ್ನೊಬ್ಬರ ಮನಸ್ಸಿನಲ್ಲೇನಿದೆ ಎಂದು ಊಹಿಸುವಾಗ ಚುರುಕಾಗುತ್ತದೆ. 2010ರಲ್ಲಿ ಸಂಶೋಧಕರಾದ ಲಿಯಾನ್ ಯಂಗ್, ರೆಬೆಕಾ ಸ್ಯಾಕ್ಸ್ ಮತ್ತು ಸಂಗಡಿಗರು ಅಲ್ಲಿಗೆ ಕಾಂತೀಯ ಸ್ಪಂದನ ಕೊಟ್ಟು ಅದರ ಕೆಲಸವನ್ನು ಕೆಲಹೊತ್ತು ಕೆಡಿಸಿದರು. ವಿಷವೆಂದು ನಂಬಿ ಗೆಳತಿಯ ಕಾಫಿಗೆ ಪುಡಿ ಹಾಕಿದವಳು, ಆದರೆ ಅದು ಬರೀ ಸಕ್ಕರೆ: ಇಂಥವಳನ್ನು ಜನ ಮೊದಲಿಗಿಂತ ಸ್ವಲ್ಪ ಸಲೀಸಾಗಿ ಬಿಟ್ಟುಬಿಟ್ಟರು. ಕುಂದಕುಂದರ ಗಾಥೆ ಬಿಡದು.

ಹಾಗಾದರೆ ದೊಡ್ಡವರೆಲ್ಲ ಉದ್ದೇಶವನ್ನೇ ನೋಡುತ್ತಾರೆಯೇ? ಹಂಗಾಮಿನಲ್ಲಿ ರಾಯಬಾಗ, ಅಥಣಿ ರಸ್ತೆಗೆ ರಾತ್ರಿ ಹೋಗಿ ನೋಡಿ. ಎರಡು ಟ್ರೇಲರ್ ತುಂಬ ಕಬ್ಬು, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಹೊರಗೆ ಚಾಚಿದ ಕಬ್ಬು ಬೈಕ್ ಸವಾರನ ಮುಖದ ಎತ್ತರಕ್ಕಿರುತ್ತದೆ. ಹತ್ತು ಚಾಲಕರು ಹೀಗೇ ಹೋಗುತ್ತಾರೆ. ಒಬ್ಬನ ಗಾಡಿಗೆ ಮಾತ್ರ ಬೈಕ್ ಬಂದು ಬಡಿಯುತ್ತದೆ. ಪೊಲೀಸ್ ಕೇಸು, ಊರಿನ ಬೈಗುಳ, ಜನ್ಮಪೂರ್ತಿ ಕೊರಗು ಎಲ್ಲ ಅವನೊಬ್ಬನಿಗೆ. ಉಳಿದ ಒಂಬತ್ತು ಜನ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಮನೋವಿಜ್ಞಾನಿ ಫಿಯರಿ ಕುಶ್‌ಮನ್ 2008ರಲ್ಲಿ ಈ ಇಬ್ಬಂದಿತನವನ್ನು ಬಿಡಿಸಿಟ್ಟ: ಕೆಲಸ ಸರಿಯೋ ತಪ್ಪೋ ಎನ್ನುವಾಗ ನಾವು ಮುಖ್ಯವಾಗಿ ಉದ್ದೇಶ ನೋಡುತ್ತೇವೆ, ಶಿಕ್ಷೆ ಎಷ್ಟೆಂದಾಗ ಪರಿಣಾಮವೂ ತಕ್ಕಡಿಗೆ ಬಂದು ಕೂರುತ್ತದೆ. ಎಚ್ಚರಗೇಡಿತನವನ್ನೇ ಹಿಂಸೆ ಎನ್ನುವ ಹಳೆಯ ಮಾತು ಇಲ್ಲಿ ನಮ್ಮ ಮೋಟಾರು ಕಾಯ್ದೆಯ ಪಾಲನೆಗಿಂತ ಬಿಗಿಯಾಗಿದೆ ಎಂದೇ ನನ್ನ ಅಭಿಪ್ರಾಯ.

ಜೈನರಲ್ಲಿ ಮೇಲೆ ಕೂತು ಶಿಕ್ಷಿಸುವ ಸೃಷ್ಟಿಕರ್ತನಿಲ್ಲ. ಲೆಕ್ಕ ತಾನೇ ನೋಡಿಕೊಳ್ಳಬೇಕು. ಅದಕ್ಕೇ ಪ್ರತಿಕ್ರಮಣ, ಆದ ತಪ್ಪುಗಳನ್ನು ಒಂದೊಂದಾಗಿ ನೆನೆದು ಹಿಂದೆ ಸರಿಯುವ ಕ್ರಮ. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದಲ್ಲಿ ಕಳ್ಳತನದ ಪಟ್ಟಿಗೆ ತೂಕ-ಅಳತೆಯ ಹೆಚ್ಚುಕಡಿಮೆ, ಕಲಬೆರಕೆ, ಕಳುವಿನ ಮಾಲು ಕೊಳ್ಳುವುದೂ ಸೇರಿವೆ. ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ಉಸಿರು ಬಿಗಿಹಿಡಿದವರಿಗೆ ಈ ಪಟ್ಟಿ ಹಳತೆನಿಸದು. ಅಥಣಿಯ ಗಚ್ಚಿನಮಠದ ಲಿಂಗಾಯತ ಸಂತ ಮುರುಘೇಂದ್ರ ಶಿವಯೋಗಿಗಳ ದಾರಿ ಬೇರೆ; ಅಲ್ಲಿ ಸಾಕ್ಷಿಯಾದ ಇಷ್ಟಲಿಂಗ ಮೈಮೇಲೇ ಇರುತ್ತದೆ, ಮರೆಗೆ ಜಾಗವಿಲ್ಲ.

ತಪ್ಪಿಗೆ ಅಳುಕುವ ಈ ಸ್ವಭಾವ ಹುಟ್ಟಿನಿಂದಲೇ ಸಿದ್ಧವಾಗಿ ಬರುವುದಿಲ್ಲ. ಹದಿನಾರು ತಿಂಗಳು ತುಂಬುವ ಮೊದಲೇ ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದ ಇಬ್ಬರ ವಿವರ 1999ರಲ್ಲಿ ಪ್ರಕಟವಾಯಿತು. ಒಳ್ಳೆಯ ಮನೆಗಳಲ್ಲೇ ಬೆಳೆದರೂ ಅವರು ಸುಳ್ಳು, ಕಳವು ಬಿಡಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಮೆದುಳು ಗಟ್ಟಿಯಿದ್ದರೂ ಸಾಲದು, ಬೆಳೆಸಬೇಕು. ಅಮೆರಿಕದ ಮನೋವಿಜ್ಞಾನಿ ಗ್ರಾಜಿನಾ ಕೊಹಾನ್‌ಸ್ಕಾ ಎಳೆಯ ಮಕ್ಕಳ ಕೈಗೆ, ಇದು ನನಗೆ ಬಲು ಇಷ್ಟದ್ದು ಎಂದು ಹೇಳಿ, ಮುಟ್ಟಿದರೆ ಕಳಚುವಂತೆ ಮಾಡಿದ ಆಟಿಕೆ ಕೊಡುತ್ತಿದ್ದಳು. ಕೆಲವು ಮಕ್ಕಳು ತಲೆ ತಗ್ಗಿಸಿ ಮೈ ಹಿಡಿ ಮಾಡಿಕೊಂಡವು. ಹೀಗೆ ಅಳುಕಿದ ಮಕ್ಕಳೇ ಮುಂದೆ ನಿಯಮ ಮುರಿದದ್ದು ಕಡಿಮೆ. ತಾಯಿಯ ಜೋರು-ಜಬರದಸ್ತಿ ಹೆಚ್ಚಿದ್ದಲ್ಲಿ ಈ ಅಳುಕು ಕಡಿಮೆಯಿತ್ತು. ಬೆತ್ತ ಹಿಡಿದ ಮಾಸ್ತರರು ಇದನ್ನು ಓದಬೇಕು.

ಮನೋವಿಜ್ಞಾನ ಅಳುಕನ್ನೂ ನಾಚಿಕೆಯನ್ನೂ ಬೇರೆ ಮಾಡಿ ನೋಡುತ್ತದೆ. ‘ನಾನು ಮಾಡಿದ್ದು ತಪ್ಪು’ ಎಂಬ ಅಳುಕು ಮನುಷ್ಯನನ್ನು ಸರಿಪಡಿಸುವ ಕಡೆಗೆ ಒಯ್ಯುತ್ತದೆ. ‘ನಾನೇ ಕೆಟ್ಟವನು’ ಎಂಬ ನಾಚಿಕೆ ಮುಖ ಮರೆಸಿಕೊಳ್ಳುವಂತೆ ಮಾಡುತ್ತದೆ. ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿ ಮೊದಲನೆಯದಕ್ಕೇ ಹೇಳಿಮಾಡಿಸಿದ್ದು. ‘ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ’ ಎಂದು ಎದುರು ನಿಂತು ಕೈ ಮುಗಿಯುವುದು ಕಷ್ಟದ ಕೆಲಸ. ಈಗ ಅದು ಹೂವಿನ ಚಿತ್ರದೊಂದಿಗೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಒಮ್ಮೆಲೇ ಹೋಗುತ್ತದೆ. ಜಗಳವಾಡಿದ ಅಣ್ಣನ ನಂಬರು ಮಾತ್ರ ಬ್ಲಾಕ್ ಆಗಿರುತ್ತದೆ!

ಇನ್ನು ನಿಪ್ಪಾಣಿಯ ತಂಬಾಕು. ಬೆಳೆದವನು, ಕೊಂಡ ವ್ಯಾಪಾರಿ, ವಖಾರಿಯ ಧೂಳಿನಲ್ಲಿ ದುಡಿಯುವ ಹೆಂಗಸು, ಬೀಡಿ ಕಟ್ಟುವವಳು, ಸೇದುವವನು. ಸರಪಳಿ ಉದ್ದವಾದಷ್ಟೂ ಯಾರಿಗೂ ಏನೂ ಚುಚ್ಚುವುದಿಲ್ಲ. ಹೊಣೆ ಹಂಚಿಹೋದರೆ ಹೀಗೇ: ಆಪತ್ತು ಕಂಡವರ ಸಂಖ್ಯೆ ಹೆಚ್ಚಿದಷ್ಟೂ ನೆರವಿಗೆ ಮುಂದಾಗುವುದು ಕುಗ್ಗುತ್ತದೆಂದು ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಲಟಾನೆ 1968ರಲ್ಲೇ ತೋರಿಸಿದ್ದರು. ಆದರೆ ಪೂರ್ತಿ ಭಾರವನ್ನು ರೈತನ ತಲೆಗೆ ಕಟ್ಟುವುದು ಅನ್ಯಾಯ. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕಿಗೆ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತಾಗ ಪೊಲೀಸರ ಗುಂಡು ತಿಂದವನು ಅವನೇ. ಪೊಟ್ಟಣದ ಮೇಲೆ ಕ್ಯಾನ್ಸರಿನ ಚಿತ್ರ ಹಾಕಿಸಿ, ಅದೇ ಪೊಟ್ಟಣದ ತೆರಿಗೆ ಎಣಿಸಿಕೊಳ್ಳುವ ಸರ್ಕಾರದ ಪ್ರತಿಕ್ರಮಣವನ್ನು ಯಾರು ಮಾಡಬೇಕು?