ಗರಾಜಿನಲ್ಲೊಂದು ಹೆಪ್ಪು

ಇಲ್ಲಿಗೆ ಬಂದ ಹೊಸತರಲ್ಲಿ ಅಂಗಡಿ ಮೊಸರು ರುಚಿಸದೆ, ಯಾರದೋ ಮನೆಯಿಂದ ಒಂದು ಚಮಚ ಹೆಪ್ಪು ತಂದವರು ನಮ್ಮ ಸಂಘದಲ್ಲಿ ಕಮ್ಮಿಯಿಲ್ಲ. ನಮ್ಮ ಗರಾಜಿನಲ್ಲಿ ಈಗ ಇನ್ನೊಂದು ಬಗೆಯ ಹೆಪ್ಪು ಇದೆ. ಬಕೆಟ್ಟಿನ ಉಪ್ಪುನೀರಿನಲ್ಲಿ, ಬರಿಗಣ್ಣಿಗೆ ಬಿಳಿ ಧೂಳಿನಂತೆ ಕಾಣುವ ಜೀವಿಗಳು. ಹೆಸರು ರೋಟಿಫರ್.

ಇದು ಶುರುವಾದ ಬಗೆ ಹೀಗೆ. ಪಕ್ಕದ ರಸ್ತೆಯಲ್ಲಿದ್ದ ಉಡುಪಿಯ ಗೆಳೆಯನಿಗೆ ಕೆಲಸ ಹೋಯಿತು. ವೀಸಾ ಲೆಕ್ಕದಲ್ಲಿ ಉಳಿದದ್ದು 60 ದಿನ. ಕಾರು, ಸೋಫಾ ಎಲ್ಲ ಮಾರಾಟವಾದವು. ಕ್ಲೌನ್ ಮೀನಿನ ಜೋಡಿಯನ್ನು ಮಾತ್ರ ಮಾರಲು ಅವನ ಮಗಳು ಬಿಡಲಿಲ್ಲ. "ನೀನೇ ಇಟ್ಟುಕೋ ಮಾರಾಯ" ಎಂದು ತೊಟ್ಟಿ ಸಮೇತ ನಮ್ಮಲ್ಲಿ ಬಿಟ್ಟು ಹೊರಟ. ಮರಿಯಾದರೆ ಫೋಟೋ ಕಳಿಸುತ್ತೇನೆಂದು ನನ್ನ ಒಂಬತ್ತು ವರ್ಷದ ಮಗಳು ಏರ್‌ಪೋರ್ಟಿನಲ್ಲಿ ಗೆಳತಿಗೆ ಮಾತು ಕೊಟ್ಟಳು. ಮೀನು ಮರಿ ಹಾಕುವುದೇನು ಮಹಾ ಎಂದುಕೊಂಡು ನಾನೂ ತಲೆಯಾಡಿಸಿದೆ.

ಎರಡು ತಿಂಗಳಿಗೆ ಮಣ್ಣಿನ ಕುಂಡದ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು ಬಂದವು. ಗಂಡು ಮೀನು ರೆಕ್ಕೆ ಬೀಸುತ್ತ ಕಾವಲು ನಿಂತಿತು. ಮೊಟ್ಟೆಯೊಳಗಿನ ಕಣ್ಣುಗಳು ಬೆಳ್ಳಿಯಂತೆ ಹೊಳೆಯತೊಡಗಿದರೆ ಅವತ್ತೋ ನಾಳೆಯೋ ಮರಿ ಹೊರಬರುತ್ತದೆ. ಅದೂ ದೀಪ ಆರಿಸಿದ ಮೇಲೆ, ಕತ್ತಲಲ್ಲಿ. ಹುಟ್ಟಿದ ಮರಿ ಮೂರು ನಾಲ್ಕು ಮಿಲಿಮೀಟರ್. ಬಾಯಿ ಎಷ್ಟು ಚಿಕ್ಕದೆಂದರೆ ಅಂಗಡಿಯ ಒಣ ಆಹಾರ ಹಿಡಿಸುವುದಿಲ್ಲ, ಹಿಡಿಸಿದರೂ ಅಲುಗಾಡದ್ದನ್ನು ಅದು ಊಟ ಎಂದೇ ಲೆಕ್ಕಿಸುವುದಿಲ್ಲ. ಅದಕ್ಕೇ ರೋಟಿಫರ್. ಉದ್ದ ಒಂದು ಮಿಲಿಮೀಟರಿನ ಕಾಲು ಭಾಗಕ್ಕಿಂತಲೂ ಕಡಿಮೆ, ಈಜು ನಿಧಾನ. ಒಂದು ಕಾಲದಲ್ಲಿ ಜಪಾನಿನ ಹಾವುಮೀನಿನ ಕೊಳಗಳಲ್ಲಿ ಇದನ್ನು ಪೀಡೆ ಎಂದೇ ಭಾವಿಸಿದ್ದರಂತೆ. 1960ರ ಸುಮಾರಿಗೆ ತಕಾಶಿ ಇಟೋ ಎಂಬ ವಿಜ್ಞಾನಿ ಇದನ್ನೇ ಬೆಳೆಸಿ ಮೀನುಮರಿಗಳಿಗೆ ತಿನ್ನಿಸಬಹುದೆಂದು ತೋರಿಸಿದರು.

ರೋಟಿಫರಿಗೂ ಊಟ ಬೇಕಲ್ಲ! ಅದಕ್ಕೆ ನ್ಯಾನೋಕ್ಲೋರಾಪ್ಸಿಸ್ ಎಂಬ ಹಸಿರು ಪಾಚಿ, ಒಂದೊಂದು ಕಣ ಎರಡು ಮೂರು ಮೈಕ್ರಾನ್. ಕಿಟಕಿಯ ಪಕ್ಕ ಸೋಡಾ ಬಾಟಲಿಗಳಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಗಾಳಿಯ ಪಂಪು ಹಚ್ಚಿ ಬೆಳೆಸಿದೆ. ನಮ್ಮಾಕೆ ಅದನ್ನು ಪಾಲಕ್ ಸೂಪು ಎಂದು ಕರೆದಳು. ಊರಿನಿಂದ ಅಮ್ಮ ಫೋನಿನಲ್ಲಿ, "ಮೀನಿಗೆ ಅನ್ನ ಹಾಕಲಿಕ್ಕೆ ಮೈಕ್ರೋಸ್ಕೋಪ್ ಬೇಕಾ ಮಾರಾಯ?" ಎಂದರು. ಮಲ್ಪೆಯವರಿಗೆ ಮೀನೆಂದರೆ ಬಂಗುಡೆ, ಬೂತಾಯಿ.

ತಪ್ಪು ಮಾಡಿದ್ದು ನಾನೇ. ರೋಟಿಫರ್ ಬಕೆಟ್ಟಿಗೆ ಅದ್ದಿದ ಜಗ್ಗನ್ನು ತೊಳೆಯದೆ ಪಾಚಿಯ ಬಾಟಲಿಗೂ ಅದ್ದಿದೆ. ಒಂದೆರಡು ರೋಟಿಫರ್ ಒಳಗೆ ಸೇರಿದ್ದಿರಬೇಕು. ಇವುಗಳಿಗೆ ಮದುವೆಯ ತಾಪತ್ರಯವಿಲ್ಲ. ಹೆಣ್ಣು ಗಂಡಿನ ನೆರವಿಲ್ಲದೆ ಮೊಟ್ಟೆಯಿಡುತ್ತದೆ, ಹುಟ್ಟಿದ್ದು ಒಂದೆರಡು ದಿನದಲ್ಲೇ ತಾನೂ ಮೊಟ್ಟೆಯಿಡತೊಡಗುತ್ತದೆ. ವಾರದೊಳಗೆ ಹಸಿರು ಬಾಟಲಿಗಳೆಲ್ಲ ತಿಳಿನೀರು! ಬಕೆಟ್ಟಿನವಕ್ಕೆ ಉಪವಾಸ. ಆಫೀಸಿನ ರಿಲೀಸ್ ಗಲಾಟೆಯಲ್ಲಿ ನಾನು ನೋಡಲೂ ಇಲ್ಲ. ಆ ಶುಕ್ರವಾರ ರಾತ್ರಿಯೇ ಮೊಟ್ಟೆಯೊಡೆದು ಇನ್ನೂರರಷ್ಟು ಮರಿಗಳು ಬಂದವು. ಸೋಮವಾರ ಬೆಳಿಗ್ಗೆ ಒಂದೂ ಇರಲಿಲ್ಲ. ಮಗಳು ಅಳಲಿಲ್ಲ. "ಅವಳಿಗೆ ಹೇಳಬೇಡ ಅಪ್ಪ" ಎಂದಳು ಅಷ್ಟೆ.

ಆಮೇಲೆ ಹಳೆಯ ಮೈಕ್ರೋಸ್ಕೋಪ್ ಒಂದನ್ನು ಕೊಂಡೆ. ದಿನಾ ಬೆಳಿಗ್ಗೆ ಬಕೆಟ್ಟನ್ನು ಚೆನ್ನಾಗಿ ಕಲಕಿ, ಒಂದು ಮಿಲಿಲೀಟರ್ ನೀರು ತೆಗೆದು, ಒಂದು ಹನಿ ಅಯೋಡಿನ್ ಹಾಕಿದರೆ ಓಡಾಟ ನಿಲ್ಲುತ್ತದೆ, ಎಣಿಸಬಹುದು. ಎಣಿಸುವುದು ಮಗಳ ಕೆಲಸ. ಆದರೆ ಅಯೋಡಿನ್ ಹಾಕುವ ಮುನ್ನ ಜೀವಂತವಾಗಿ ನೋಡಬೇಕು. ತಲೆಯ ಮೇಲಿನ ಸಣ್ಣ ರೋಮಗಳು ಬಡಿಯುವಾಗ ಎರಡು ಚಕ್ರ ತಿರುಗಿದಂತೆಯೇ ಕಾಣುತ್ತದೆ. ರೋಟಿಫರ್ ಎಂದರೆ ಲ್ಯಾಟಿನ್ನಿನಲ್ಲಿ ಚಕ್ರ ಹೊತ್ತದ್ದು ಎಂದರ್ಥ. ಹೊಟ್ಟೆ ಹಸಿರಾಗಿದ್ದರೆ ಉಂಡಿದೆ, ಪಾರದರ್ಶಕವಾಗಿದ್ದರೆ ಹಸಿದಿದೆ. ಹಸಿದ ರೋಟಿಫರನ್ನು ಮರಿಗೆ ಕೊಟ್ಟರೆ ಖಾಲಿ ಡಬ್ಬಿ ಕೊಟ್ಟಂತೆಯೇ, ಅದರ ಸತ್ವವೆಲ್ಲ ಅದು ತಿಂದ ಪಾಚಿಯದು. ಬಾಲದ ಬುಡದಲ್ಲಿ ಮೊಟ್ಟೆ ಹೊತ್ತವು ಎಷ್ಟಿವೆ ಎಂಬುದು ಇನ್ನೂ ಮುಖ್ಯ. ನೂರಕ್ಕೆ ಮೂವತ್ತು ಹೊತ್ತಿದ್ದರೆ ನಿಶ್ಚಿಂತೆ. ಒಟ್ಟು ಲೆಕ್ಕ ಚೆನ್ನಾಗಿದ್ದೂ ಮೊಟ್ಟೆ ಇಳಿದರೆ ಬಕೆಟ್ಟು ಕೆಡುವ ದಿನ ಹತ್ತಿರವಾಗಿದೆ. ಸರ್ವರ್ ಬೀಳುವ ಮುಂಚೆ ಲಾಗ್‌ನಲ್ಲಿ ಸುಳಿವು ಸಿಗುವುದಿಲ್ಲವೆ, ಹಾಗೆ.

ಈಗ ಬಕೆಟ್ಟು ಎರಡು, ಎರಡಕ್ಕೂ ಬೇರೆ ಬೇರೆ ಜಗ್ಗು. ದಿನಾ ಕಾಲು ಭಾಗ ನೀರನ್ನು 53 ಮೈಕ್ರಾನಿನ ನೈಲಾನ್ ಜರಡಿಯಲ್ಲಿ ಸೋಸಿ ತೆಗೆದು, ಹೊಸ ಉಪ್ಪುನೀರು, ಪಾಚಿ ಹಾಕುತ್ತೇನೆ. ಮೂರನೇ ಸಲದ ಮೊಟ್ಟೆಗಳಿಗೆ ನಾವು ಸಿದ್ಧರಿದ್ದೆವು. ಮರಿಗಳ ತೊಟ್ಟಿಯಲ್ಲಿ ಮಿಲಿಲೀಟರಿಗೆ ಹತ್ತು ರೋಟಿಫರ್ ತಪ್ಪದಂತೆ ನೋಡಿಕೊಂಡೆವು. ವಾರದ ನಂತರ ಆರ್ಟೀಮಿಯ, ಅಂದರೆ ಉಪ್ಪುಕೆರೆಯ ಪುಟ್ಟ ಸಿಗಡಿಯ ಮರಿಗಳು. ಅವು ಗಾತ್ರದಲ್ಲಿ ದುಪ್ಪಟ್ಟು. ಹನ್ನೊಂದನೇ ದಿನ ಒಂದು ಮರಿಯ ತಲೆಯ ಹಿಂದೆ ಬಿಳಿ ಪಟ್ಟಿ ಮೂಡಿತು.

ಉಳಿದವು 23. ಫೋಟೋ ಉಡುಪಿಗೆ ಹೋಯಿತು. ಅಲ್ಲಿ ಮಧ್ಯರಾತ್ರಿ, ಆದರೂ ಐದೇ ನಿಮಿಷಕ್ಕೆ ಉತ್ತರ: ಎಲ್ಲಕ್ಕೂ ಹೆಸರಿಟ್ಟಿದ್ದೀಯಾ? ಮೊದಲ ಸಲದ ವಿಷಯವನ್ನು ಮಗಳು ಅವತ್ತೇ ತಾನಾಗಿ ಹೇಳಿದಳು.

ಯಾರಿಗಾದರೂ ಹೆಪ್ಪು ಬೇಕಿದ್ದರೆ ಮುಂದಿನ ಸಂಘದ ಊಟಕ್ಕೆ ಬರುವಾಗ ಬಾಟಲಿ ತನ್ನಿ. ತೊಳೆದ ಬಾಟಲಿ!