ಹಿಂದಿನ ಅಚ್ಚಿನ ಬಲವರ್ಧನೆ: ಕಾಲು ಮೈಲಿಯ ಓಟದ ಒಂದು ಯಂತ್ರಸಮಸ್ಯೆ

ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರುಗಳ, ನೇರವಾದ ದಾರಿಯನ್ನು ನಿಂತ ನೆಲೆಯಿಂದ ಹೊರಟು ಅತ್ಯಲ್ಪ ಕಾಲದಲ್ಲಿ ಕ್ರಮಿಸುವ ಡ್ರ್ಯಾಗ್ ರೇಸ್ ಎಂಬ ಸ್ಪರ್ಧೆಯು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದುಬಂದುದು. ವಾಲಿ ಪಾರ್ಕ್ಸ್ ಎಂಬವರು 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಬೀದಿಯ ಈ ಹುಚ್ಚನ್ನು ನಿಯಮಬದ್ಧವಾದ ಕಣಕ್ಕೆ ತಂದರು. ವಾರವೆಲ್ಲ ಕೆಲಸಕ್ಕೆ ಹೋಗಿಬರುವ ಕಾರನ್ನೇ ಶನಿವಾರ ಕಣಕ್ಕಿಳಿಸುವ ಹವ್ಯಾಸಿಗಳು ಅಲ್ಲಿ ಬಹುಮಂದಿ. ಅಂಥವರ ಕಾರಿನಲ್ಲಿ ಮೊದಮೊದಲೇ ಮುರಿಯುವ ಅಂಗಗಳಲ್ಲಿ ಹಿಂದಿನ ಅಚ್ಚು ಒಂದು. ಅದು ಮುರಿಯುವುದೇಕೆ, ಕಾರ್ಖಾನೆಯಿಂದ ಬಂದ ಅಚ್ಚನ್ನೇ ಉಳಿಸಿಕೊಂಡು ಬಲಪಡಿಸುವ ಬಗೆ ಹೇಗೆ, ಎಂಬುದನ್ನು ಪ್ರಕೃತ ಲೇಖನದಲ್ಲಿ ಪರ್ಯಾಲೋಚಿಸುತ್ತೇವೆ. ಲಾರಿ ಜೀಪುಗಳ ಅಡಿಯಲ್ಲಿ ಬಗ್ಗಿ ನೋಡಿದ ವಿದ್ಯಾರ್ಥಿಗೆ ಇದರ ರೂಪ ಅಪರಿಚಿತವೇನಲ್ಲ.

ಉದಾಹರಣೆಗೆ 1987ರಿಂದ 1992ರವರೆಗಿನ ಐದು ಲೀಟರಿನ ಫೋರ್ಡ್ ಮಸ್ಟಾಂಗ್ ಕಾರನ್ನು ತೆಗೆದುಕೊಳ್ಳೋಣ. ಅದರ ಎಂಜಿನ್ನಿನ ಗರಿಷ್ಠ ತಿರುಚುಬಲ, ಎಂದರೆ ಟಾರ್ಕ್, ಸುಮಾರು 407 ನ್ಯೂಟನ್ ಮೀಟರ್. ಮೊದಲನೆಯ ಗೇರು ಅದನ್ನು 3.35 ಪಟ್ಟು, ಅಚ್ಚಿನೊಳಗಿನ ಪಿನಿಯನ್ ಮತ್ತು ಕ್ರೌನ್ ಚಕ್ರಗಳ ಜೋಡಿ ಮತ್ತೆ 2.73 ಪಟ್ಟು ಹೆಚ್ಚಿಸುವುದರಿಂದ, ಘರ್ಷಣೆಯ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, ಹಿಂದಿನ ಗಾಲಿಗಳಿಗೆ ಸುಮಾರು 3,720 ನ್ಯೂಟನ್ ಮೀಟರ್ ಒದಗುತ್ತದೆ. ಆದರೆ ಗಾಲಿಗಳು ಇಷ್ಟನ್ನೂ ನೆಲಕ್ಕೆ ಮುಟ್ಟಿಸಬಲ್ಲವೆ? ಹಿಂದಿನ ಗಾಲಿಗಳ ಮೇಲೆ 900 ಕಿಲೋಗ್ರಾಂ ಭಾರ, ಟೈರಿನ ಘರ್ಷಣಾಂಕ 0.8, ತ್ರಿಜ್ಯ 0.32 ಮೀಟರ್ ಎಂದು ಇಟ್ಟುಕೊಂಡರೆ, ಅವು ತಡೆಯಬಲ್ಲುದು ಸುಮಾರು 2,250 ನ್ಯೂಟನ್ ಮೀಟರ್ ಮಾತ್ರ. ಮಿಕ್ಕದ್ದು ಹೊಗೆಯಾಗಿ, ಕಿರುಚಾಟವಾಗಿ ಹೋಗುತ್ತದೆ. ಸಾಮಾನ್ಯ ಟೈರು ಜಾರುವುದರಿಂದಲೇ ಅಚ್ಚು ಬದುಕಿರುತ್ತದೆ. ಮನೆಯ ವಿದ್ಯುತ್ತಿಗೆ ಫ್ಯೂಸ್ ತಂತಿ ಹೇಗೋ, ಅಚ್ಚಿಗೆ ಟೈರು ಹಾಗೆ.

ಹವ್ಯಾಸಿಯು ಮೊದಲು ಕಿತ್ತೊಗೆಯುವುದು ಈ ಫ್ಯೂಸನ್ನೇ. ಸ್ಲಿಕ್ ಎಂಬ ಅಂಟು ಗುಣದ ನುಣುಪು ಟೈರನ್ನು ಹಾಕಿದೊಡನೆ ಘರ್ಷಣಾಂಕ 1.5ಕ್ಕೆ ಏರಬಹುದು, ಕಾರು ನೆಗೆದಂತೆ ಹೊರಡುವುದರಿಂದ ಹಿಂದಿನ ಭಾರವೂ 1,100 ಕಿಲೋಗ್ರಾಮಿನವರೆಗೆ ಹೆಚ್ಚಬಹುದು. ಆಗ ಟೈರಿನ ಹಿಡಿತ 5,170 ನ್ಯೂಟನ್ ಮೀಟರಿಗೆ ಬರುತ್ತದೆ. ಜೊತೆಗೆ 2.73ರ ಜೋಡಿಯನ್ನು ತೆಗೆದು 3.73ರದನ್ನು ಕೂರಿಸಿದರೆ ಎಂಜಿನ್ನು ಕಳುಹಿಸುವ ಬಲವೂ 5,085ಕ್ಕೆ ಏರುತ್ತದೆ. ಎಂಜಿನ್ನಿನ ಒಂದು ಬೋಲ್ಟನ್ನೂ ಮುಟ್ಟದೆ ಅಚ್ಚಿನ ಹೊರೆಯನ್ನು ಇಮ್ಮಡಿಗಿಂತ ಹೆಚ್ಚು ಮಾಡಿದಂತಾಯಿತು! ಎಂಜಿನ್ನನ್ನು ವೇಗವಾಗಿ ತಿರುಗಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಫ್ಲೈವೀಲಿನಲ್ಲಿ ಶೇಖರವಾಗಿದ್ದ ಶಕ್ತಿ ಕೊಡುವ ಹೊಡೆತ ಈ ಲೆಕ್ಕದಲ್ಲಿ ಸೇರಿಲ್ಲ.

ಈ ಕಾರಿನ ಅಚ್ಚಿನ ಕ್ರೌನ್ ಚಕ್ರದ ವ್ಯಾಸ 8.8 ಅಂಗುಲ, ಗಾಲಿಗಳಿಗೆ ಹೋಗುವ ಎರಡು ಕಂಬಿಗಳ ಒಳತುದಿಯಲ್ಲಿ ಸ್ಪ್ಲೈನ್ ಎಂಬ 28 ಉದ್ದ ಹಲ್ಲುಗಳಿವೆ. ತಿರುಚುವಿಕೆಯನ್ನು ತಡೆಯುವ ಶಕ್ತಿಯು ವ್ಯಾಸದ ಘನಕ್ಕೆ ಅನುಗುಣವಾದುದೆಂಬುದು ವಿದ್ಯಾರ್ಥಿಗಳಿಗೆ ವಿದಿತವೇ. ಹಲ್ಲಿನ ಅಳತೆ ಅದೇ ಆಗಿದ್ದು 31 ಹಲ್ಲುಗಳ ಕಂಬಿಯನ್ನು ಬಳಸಿದರೆ ಶಕ್ತಿ ನೂರಕ್ಕೆ ಸುಮಾರು 36ರಷ್ಟು ಹೆಚ್ಚುತ್ತದೆ. 35 ಹಲ್ಲುಗಳದಾದರೆ ಹೆಚ್ಚುಕಡಮೆ ಎರಡರಷ್ಟಾಗುತ್ತದೆ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರಸಿ ಹದಗೊಳಿಸಿದ ಉಕ್ಕಿನಿಂದ ದೊರೆಯುವ ಲಾಭ ಇದರ ಮೇಲಿನದು.

ಕಂಬಿಯ ದಪ್ಪಕ್ಕಿಂತಲೂ ನಮ್ಮನ್ನು ಹೆಚ್ಚು ಕಳವಳಕ್ಕೆ ಈಡುಮಾಡುವುದು ಅದನ್ನು ಹಿಡಿದಿಟ್ಟಿರುವ ರೀತಿ. ಕಂಬಿಯು ಹೊರಕ್ಕೆ ಜಾರದಂತೆ ತಡೆಯುವುದು, ಡಿಫರೆನ್ಷಿಯಲ್ಲಿನ ಒಳಗೆ ಕೂತಿರುವ, ಇಂಗ್ಲಿಷಿನ ಸಿ ಅಕ್ಷರದ ಆಕಾರದ ಒಂದು ಸಣ್ಣ ಬಿಲ್ಲೆ ಮಾತ್ರ. ಕಂಬಿ ನಡುವೆ ಎಲ್ಲಿಯೇ ಮುರಿಯಲಿ, ಹೊರಗಿನ ತುಂಡನ್ನು ಹಿಡಿಯುವವರಿಲ್ಲ. ಗಾಲಿಯು ಬ್ರೇಕಿನ ಡ್ರಮ್ಮಿನೊಡನೆ ಕಾರನ್ನು ಬಿಟ್ಟು ಹೊರಡುತ್ತದೆ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಇದರ ಫಲವನ್ನು ವರ್ಣಿಸಬೇಕಾಗಿಲ್ಲ. ಆದಕಾರಣ ಅಚ್ಚಿನ ಹೊರತುದಿಯಲ್ಲಿಯೇ, ಬೇರಿಂಗಿನ ಬಳಿ, ಕಂಬಿಯನ್ನು ಬಂಧಿಸುವ ವ್ಯವಸ್ಥೆಯನ್ನು ಮೊದಲು ಮಾಡತಕ್ಕದ್ದು. ಇದಕ್ಕೆ ಬೋಲ್ಟಿನಿಂದ ಕೂರಿಸುವ ಸಾಧನಗಳುಂಟು. ತುದಿಗಳನ್ನೇ ಕತ್ತರಿಸಿ, 1957ರಲ್ಲಿ ಬಳಕೆಗೆ ಬಂದ ಫೋರ್ಡಿನ 9 ಅಂಗುಲದ ಅಚ್ಚಿನಂಥ ತುದಿಗಳನ್ನು ಬೆಸೆಯುವುದು ಇನ್ನೂ ಮೇಲು. ಕಾಲು ಮೈಲಿಯನ್ನು 11 ಸೆಕೆಂಡಿಗಿಂತ ಕಡಮೆ ಕಾಲದಲ್ಲಿ ಓಡುವ ಇಂಥ ಹಳೆಯ ಕಾರುಗಳಿಗೆ ಈ ಬಂಧನವನ್ನು ಮೇಲೆ ಹೇಳಿದ ಸಂಸ್ಥೆಯ ನಿಯಮಗಳು ಕಡ್ಡಾಯ ಮಾಡಿವೆ. ಅದಕ್ಕಿಂತ ನಿಧಾನವಾಗಿ ಓಡುವವನೂ ತನಗಿದು ಬೇಡವೆಂದು ತಿಳಿಯುವುದು ಜಾಣತನವಲ್ಲ.

ಇನ್ನು ಹೌಸಿಂಗ್. ನಡುವಿನ ಎರಕದ ಕಬ್ಬಿಣದ ಗೂಡಿಗೆ ಎರಡು ಉಕ್ಕಿನ ಕೊಳವೆಗಳನ್ನು ಒತ್ತಿ ಕೂರಿಸಿ, ಕೆಲವು ತೂತುಗಳಲ್ಲಿ ಮಾತ್ರ ಬೆಸುಗೆ ಹಾಕಿರುತ್ತಾರೆ. ಹೊರೆ ಹೆಚ್ಚಾದಾಗ ಕೊಳವೆ ಗೂಡಿನೊಳಗೆ ತಿರುಗಬಹುದು. ಸುತ್ತಲೂ ಬೆಸೆಯುವುದೇ ಪರಿಹಾರವಾದರೂ, ಎರಕದ ಕಬ್ಬಿಣವು ಬೆಸುಗೆಗೆ ಸುಲಭವಾಗಿ ಒಗ್ಗದು: ಮೊದಲು ಚೆನ್ನಾಗಿ ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಸ್ವಲ್ಪ ಸ್ವಲ್ಪವಾಗಿ ಬೆಸೆದು, ಬಳಿಕ ಹೊದಿಸಿಟ್ಟು ಮೆಲ್ಲಗೆ ಆರಲು ಬಿಡಬೇಕು. ಆತುರಪಟ್ಟರೆ ಬೆಸುಗೆಯ ಅಂಚಿನಲ್ಲೇ ಸೀಳು ಬಿಡುತ್ತದೆ. ಆರುವಾಗಿನ ಸಂಕೋಚದಿಂದ ಕೊಳವೆ ಬಾಗುವುದೂ ಉಂಟಾದ್ದರಿಂದ, ನೇರವಾದ ಸಲಾಕಿಯನ್ನು ತೂರಿಸಿ ಪರೀಕ್ಷಿಸದೆ ಕಂಬಿಗಳನ್ನು ಹಾಕಬಾರದು.

ಪಿನಿಯನ್ ತಿರುಗುವಾಗ ಕ್ರೌನ್ ಚಕ್ರವನ್ನು ತನ್ನಿಂದ ದೂರ ತಳ್ಳುತ್ತದೆ. ಬೇರಿಂಗುಗಳ ಮೇಲಿನ ಹಿಡಿಕೆಗಳು ಕೂದಲೆಳೆಯಷ್ಟು ಸರಿದರೂ ಹಲ್ಲುಗಳು ಪೂರ್ಣವಾಗಿ ಕೂಡದೆ ಅಂಚಿನಲ್ಲಿ ಮಾತ್ರ ತಾಗಿ ಒಡೆಯುತ್ತವೆ. ಇದನ್ನು ತಡೆಯಲು ದಪ್ಪನೆಯ ಹಿಂಬದಿಯ ಮುಚ್ಚಳವನ್ನು ಹಾಕಿ, ಅದರಲ್ಲಿನ ಎರಡು ತಿರುಪುಗಳು ಹಿಡಿಕೆಗಳಿಗೆ ಒತ್ತುಕೊಡುವಂತೆ ಮಾಡುತ್ತಾರೆ. ತಿರುಪನ್ನು ಹಗುರವಾಗಿ ತಾಗಿಸಿದರೆ ಸಾಕು; ಬಲವಾಗಿ ಬಿಗಿದರೆ ಹಿಡಿಕೆಯೇ ಡೊಂಕಾಗಿ ಬೇರಿಂಗು ಕೆಡುವುದು.

ಎರಡು ಗಾಲಿಗಳನ್ನೂ ಒಂದಾಗಿ ಕಟ್ಟಿಹಾಕುವ ಸ್ಪೂಲ್ ಎಂಬ ಸಾಧನವನ್ನು ಅಗ್ಗವೆಂದು ಬಹುಮಂದಿ ಆಶಿಸುವರು. ಕಣದಲ್ಲಿ ಅದು ಒಳ್ಳೆಯದೇ. ಆದರೆ ಸೋಮವಾರ ತಿರುವುಗಳಲ್ಲಿ ಓಡಾಡಬೇಕಾದ ಕಾರಿನಲ್ಲಿ ಅದು ಪ್ರತಿ ತಿರುವಿನಲ್ಲೂ ಕಂಬಿಗಳನ್ನು ತಿರುಚಿ ದಣಿಸುತ್ತದೆ. ಇಂಥ ಕಾರಿಗೆ ನಾವು ಅದನ್ನು ಒಪ್ಪಲಾರೆವು.

ಕಂಬಿಯ ದಣಿವನ್ನು ಕಣ್ಣಿನಿಂದಲೇ ಕಾಣಬಹುದು. ಋತುವಿಗೊಮ್ಮೆ ಅದನ್ನು ಹೊರತೆಗೆದು ಒರೆಸಿ, ಸ್ಪ್ಲೈನುಗಳ ಪಕ್ಕಕ್ಕೆ ಉಕ್ಕಿನ ಅಳತೆಪಟ್ಟಿಯನ್ನು ಹಿಡಿದು ನೋಡಬೇಕು. ನೆಟ್ಟಗಿರಬೇಕಾದ ಹಲ್ಲುಗಳು ಒಂದಿಷ್ಟು ಓರೆಯಾಗಿ ಕಂಡರೂ ಆ ಕಂಬಿಯನ್ನು ಮರಳಿ ಹಾಕತಕ್ಕದ್ದಲ್ಲ.